ಕವಿತೆಯ ಸಂಕೇತವನ್ನು ಮಕ್ಕಳು ಗೈಡ್ ನೋಡದೆ ತಾವೇ ಕಂಡುಕೊಳ್ಳುವಂತೆ ಪಾಠ ಮಾಡುವುದು ಹೇಗೆ?

ಪ್ರಶ್ನೆ: ಕನ್ನಡ ಶಿಕ್ಷಕಿ, ಮದ್ದೂರು

ಎಲ್ಲರಿಗೂ ನಮಸ್ಕಾರ. ಮದ್ದೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಎಂಟರಿಂದ ಹತ್ತನೆಯ ತರಗತಿಯವರೆಗೆ ಪ್ರಥಮ ಭಾಷೆ ಕನ್ನಡವನ್ನು ಬೋಧಿಸುತ್ತಿದ್ದೇನೆ. ಗದ್ಯ ಪಾಠ ನಡೆಯುವಾಗ ಚುರುಕಾಗಿ ಮಾತನಾಡುವ ಮಕ್ಕಳು ಪದ್ಯ ಬಂದೊಡನೆ ನೋಟ್ ಪುಸ್ತಕ ತೆರೆದು, ನಾನು ಭಾವಾರ್ಥ ಹೇಳುವುದನ್ನೇ ಕಾಯುತ್ತಾ ಕುಳಿತುಬಿಡುತ್ತಾರೆ. ಸಂಕೇತ ಎಂಬ ಮಾತು ಬಂದರಂತೂ ಅವರ ಬಳಿ ಮೊದಲೇ ಸಿದ್ಧವಾಗಿರುವ ಪಟ್ಟಿಯೊಂದಿದೆ: ದೀಪವೆಂದರೆ ಜ್ಞಾನ, ಕತ್ತಲೆಯೆಂದರೆ ಅಜ್ಞಾನ, ಹಕ್ಕಿಯೆಂದರೆ ಸ್ವಾತಂತ್ರ್ಯ, ಹಸಿರೆಂದರೆ ಸಮೃದ್ಧಿ. ಯಾವ ಕವಿತೆ ಕೊಟ್ಟರೂ ಈ ಪಟ್ಟಿಯನ್ನೇ ತಂದು ಅದರ ಮೇಲೆ ಹೊರಿಸುತ್ತಾರೆ. ಹತ್ತನೆಯ ತರಗತಿಯ ‘ಸಂಕಲ್ಪ ಗೀತೆ’ಯಲ್ಲಿ ಜಿ.ಎಸ್. ಶಿವರುದ್ರಪ್ಪನವರು ‘ಪ್ರೀತಿಯ ಹಣತೆ’ ಎಂದು ಬಾಯಿಬಿಟ್ಟು ಹೇಳಿದ್ದರೂ, ಹೆಚ್ಚಿನ ಮಕ್ಕಳ ಉತ್ತರಗಳಲ್ಲಿ ಅದು ‘ಜ್ಞಾನದ ಹಣತೆ’ಯಾಗಿಯೇ ಉರಿಯುತ್ತಿತ್ತು.

ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಪದ್ಯ ಬಂದಾಗ ಹಕ್ಕಿಯೆಂದರೆ ಇಲ್ಲಿ ಕಾಲ ಎಂದು ಹೇಳಿ ಕಪ್ಪುಹಲಗೆಯ ಮೇಲೆ ಬರೆದೆ. ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಒಬ್ಬಳು ಹುಡುಗಿ ಮಾತ್ರ ಎದ್ದು ನಿಂತು, ‘ಕವಿಗೆ ಕಾಲದ ಬಗ್ಗೆ ಹೇಳಬೇಕಾಗಿದ್ದರೆ ಕಾಲ ಎಂದೇ ಬರೆಯಬಹುದಿತ್ತಲ್ಲ ಮಿಸ್, ಹಕ್ಕಿ ಎಂದು ಯಾಕೆ ಸುಳ್ಳು ಹೇಳಬೇಕು?’ ಎಂದು ಕೇಳಿದಳು. ಹಿಂದಿನ ಬೆಂಚಿನ ಹುಡುಗನೊಬ್ಬ, ‘ನನಗೆ ಅದು ಸ್ವಾತಂತ್ರ್ಯ ಅಂತ ಅನ್ನಿಸುತ್ತದೆ, ಹಾಗೆ ಬರೆದರೆ ತಪ್ಪಾ?’ ಎಂದ. ಇಬ್ಬರಿಗೂ ಸಮಾಧಾನವಾಗುವ ಉತ್ತರ ನನ್ನಲ್ಲಿರಲಿಲ್ಲ.

ಅನುಭವಿಗಳು ದಯವಿಟ್ಟು ತಿಳಿಸಬೇಕು. ಕವಿತೆಯ ಹಿಂದಿರುವ ಅರ್ಥವನ್ನು ನಾವು ಹೇಳಿಕೊಡದೆ ಮಕ್ಕಳೇ ಹುಡುಕುವಂತೆ ಮಾಡಲು ಯಾವ ದಾರಿಯಿದೆ? ಮಗು ಹೇಳುವ ಬೇರೊಂದು ಅರ್ಥವನ್ನು ಯಾವ ಆಧಾರದ ಮೇಲೆ ಒಪ್ಪಬೇಕು, ಯಾವ ಆಧಾರದ ಮೇಲೆ ಬಿಡಬೇಕು?

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು, ಸರಸ್ವತಿಪುರಂ, ಮೈಸೂರು

ಶಿಕ್ಷಕಿಯವರೇ, ಆ ಹುಡುಗಿ ಕೇಳಿದ ಪ್ರಶ್ನೆಯಿಂದಲೇ ಪಾಠವನ್ನು ಆರಂಭಿಸಬಹುದು. ಅವಳು ಕೇಳಿದಂತೆಯೇ ಮಾಡಿ ತೋರಿಸಿ. ಹಲಗೆಯ ಮೇಲೆ ‘ಕಾಲ ಹಾರುತಿದೆ ನೋಡಿದಿರಾ’ ಎಂದು ಬರೆದು, ತರಗತಿಯೆಲ್ಲ ಒಮ್ಮೆ ಗಟ್ಟಿಯಾಗಿ ಓದಲಿ. ‘ನೋಡಿದಿರಾ’ ಎಂಬ ಪ್ರಶ್ನೆ ಆ ಕ್ಷಣವೇ ಬಿದ್ದುಹೋಗುತ್ತದೆ, ಏಕೆಂದರೆ ಕಾಲವನ್ನು ಯಾರೂ ಕಣ್ಣಿನಿಂದ ನೋಡುವುದು ಸಾಧ್ಯವಿಲ್ಲ, ಅದು ಹಾದುಹೋದ ಗುರುತನ್ನಷ್ಟೇ ನೋಡಬಲ್ಲೆವು. ಕಾಣದ ಒಂದನ್ನು ‘ಕಂಡಿರಾ’ ಎಂದು ಪ್ರತಿ ನುಡಿಯ, ಅಂದರೆ ಪದ್ಯದ ಪ್ರತಿ ಭಾಗದ, ಕೊನೆಯಲ್ಲೂ ಕೇಳಬೇಕಾದ ಕವಿಗೆ ಕಾಣುವ ಒಂದು ಜೀವ ಬೇಕೇ ಬೇಕಾಗುತ್ತದೆ. ಬಳಿಕ ಹಕ್ಕಿಯ ಜಾಗದಲ್ಲಿ ಹೊಳೆಯನ್ನು ಇಟ್ಟು ನೋಡಲು ಹೇಳಿ. ಕಾಲವನ್ನು ಹರಿಯುವ ನೀರೆನ್ನುವುದು ನಮ್ಮಲ್ಲಿ ಹಳೆಯ ರೂಢಿ, ಆದರೆ ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಈ ಕವಿತೆಯದೋ ‘ಸುತ್ತಮುತ್ತಲೂ ಮೇಲಕೆ ಕೆಳಗೆ’ ಸಾಗುವ ಚಲನೆ. ಮೇಲಾಗಿ ಹೊಳೆಗೆ ಕೊಕ್ಕಿಲ್ಲ, ಕವಿತೆಯ ಹಕ್ಕಿಯಂತೆ ಅದು ಯಾರ ನೆತ್ತಿಯನ್ನೂ ಕುಕ್ಕಲಾರದು. ಹೀಗೆ ಬದಲಿ ಪದಗಳನ್ನು ಇಟ್ಟು, ಏನು ಕಳೆದುಹೋಯಿತೆಂದು ಕೇಳುತ್ತಾ ಹೋದರೆ, ಕವಿ ಹಕ್ಕಿಯನ್ನೇ ಏಕೆ ಆರಿಸಿಕೊಂಡರೆಂಬುದನ್ನು ನೀವು ಹೇಳಬೇಕಾಗುವುದಿಲ್ಲ.

ಆದರೆ ಇದಕ್ಕೂ ಮೊದಲು ಆಗಬೇಕಾದ ಒಂದು ಕೆಲಸವಿದೆ, ನಮ್ಮ ಶಾಲೆಗಳಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವುದೇ ಹೆಚ್ಚು. ಅದು ಸಾಲಿನ ನೇರ ಅರ್ಥ. ‘ಗಾವುದ’ ಎಂಬುದು ಹಿಂದಿನವರ ದೂರದ ಅಳತೆ, ‘ಎವೆ’ ಎಂದರೆ ಕಣ್ಣಿನ ರೆಪ್ಪೆ, ‘ಪುಚ್ಚ’ ಎಂದರೆ ಬಾಲದ ಗರಿ ಎಂಬುದು ತಿಳಿಯದ ಮಗುವಿನ ಮುಂದೆ ಸಂಕೇತವನ್ನು ಕುರಿತು ಮಾತನಾಡಿ ಪ್ರಯೋಜನವಿಲ್ಲ. ರೆಪ್ಪೆ ತೆರೆದು ಮುಚ್ಚುವಷ್ಟರಲ್ಲಿ ಗಾವುದ ಗಾವುದಗಳನ್ನು ದಾಟುವ ಹಕ್ಕಿ ಎಂದು ನೇರವಾಗಿ ಅರ್ಥವಾದ ಮೇಲೆ, ‘ಇಷ್ಟು ವೇಗದ ಹಕ್ಕಿ ಇರಲು ಸಾಧ್ಯವೇ?’ ಎಂಬ ಅನುಮಾನ ಮಕ್ಕಳಲ್ಲಿ ತಾನಾಗಿಯೇ ಏಳುತ್ತದೆ. ಆ ಅನುಮಾನವೇ ನಮಗೆ ಬೇಕಾದದ್ದು.

ನಾನು ತರಗತಿಯಲ್ಲಿ ಈ ಪದ್ಯಕ್ಕೆ ಹಕ್ಕಿಯ ಚಿತ್ರ ಬರೆಸುತ್ತಿದ್ದೆ. ಕವಿತೆ ಹೇಳಿದ್ದನ್ನು ಮಾತ್ರ ಬರೆಯಬೇಕು, ಹೇಳದ್ದನ್ನು ಸೇರಿಸಬಾರದು ಎಂಬುದೊಂದೇ ನಿಯಮ. ಎರಡನೆಯ ನುಡಿಯವರೆಗೆ ಕೆಲಸ ಸಲೀಸಾಗಿ ಸಾಗುತ್ತದೆ. ಕಪ್ಪು, ಬಿಳಿ ಗರಿಗಳು, ಕೆಂಪು ಹೊನ್ನಿನ ಬಣ್ಣದ ಎರಡು ರೆಕ್ಕೆ, ಯಾರು ಬೇಕಾದರೂ ಬರೆಯಬಹುದು. ಮೂರನೆಯ ನುಡಿಯಲ್ಲಿ ಮುಗಿಲಿಗೇ ರೆಕ್ಕೆ ಒಡೆದು, ಚಿಕ್ಕೆಯ ಮಾಲೆ ಸಿಕ್ಕಿಸಿಕೊಂಡು, ಸೂರ್ಯಚಂದ್ರರೇ ಕಣ್ಣಾದಾಗ ಪೆನ್ಸಿಲು ನಿಲ್ಲುತ್ತದೆ. ‘ಸಾರ್, ಇದು ಹಾಳೆಯಲ್ಲಿ ಹಿಡಿಸುವುದಿಲ್ಲ’ ಎಂದು ಮಕ್ಕಳು ಹೇಳತೊಡಗುತ್ತಾರೆ. ಹಕ್ಕಿ ಬರಿಯ ಹಕ್ಕಿಯಾಗಿ ಉಳಿಯದೆ ಬೇರೇನೋ ಆಗುವುದು ಆ ನುಡಿಯಲ್ಲಿಯೇ. ಆಗ ಎರಡನೆಯ ನುಡಿಗೆ ಹಿಂದಿರುಗಿ, ಕಪ್ಪು ಗರಿ, ಬಿಳಿ ಗರಿ, ಕೆಂಪು ಹೊನ್ನಿನ ರೆಕ್ಕೆ, ಇವು ದಿನದಲ್ಲಿ ನಾವು ಎಲ್ಲೆಲ್ಲಿ ನೋಡುತ್ತೇವೆ ಎಂದು ಕೇಳಿ. ರಾತ್ರಿ, ಹಗಲು, ಬೆಳಗು, ಬೈಗು ಎಂಬ ಮಾತುಗಳು ಮಕ್ಕಳ ಬಾಯಿಂದಲೇ ಬರುತ್ತವೆ.

ಇನ್ನು ಆ ಹುಡುಗನ ಮಾತು. ತಪ್ಪು ಎಂದು ಕೂರಿಸಬೇಡಿ, ಸರಿ ಎಂದು ಬೆನ್ನು ತಟ್ಟಿ ಮುಂದೆ ಹೋಗಲೂ ಬೇಡಿ. ಯಾವ ಸಾಲಿನಿಂದ ಹಾಗೆನ್ನಿಸಿತು ಎಂದು ಕೇಳಿ. ‘ಸಾರ್ವಭೌಮರಾ ನೆತ್ತಿಯ ಕುಕ್ಕಿ’ ಎಂಬ ಸಾಲನ್ನು ಅವನು ತೋರಿಸಿದರೆ ಅವನ ಮಾತಿಗೆ ಆಧಾರವಿದೆ ಎಂದು ತರಗತಿಯ ಎದುರು ಒಪ್ಪಿಕೊಳ್ಳಿ. ಆಮೇಲೆ, ಹಕ್ಕಿ ಸ್ವಾತಂತ್ರ್ಯವೇ ಆದರೆ ‘ಇರುಳಿರುಳಳಿದು ದಿನ ದಿನ ಬೆಳಗೆ’ ಎಂಬ ಸಾಲನ್ನು ಎಲ್ಲಿಡುತ್ತೀಯ, ಖಂಡ ಖಂಡಗಳನ್ನು ತೇಲಿಸಿ ಮುಳುಗಿಸುವುದನ್ನು ಎಲ್ಲಿಡುತ್ತೀಯ, ಯುಗಯುಗಗಳ ಹಣೆಬರಹ ಒರಸುವುದನ್ನು ಏನೆನ್ನುತ್ತೀಯ ಎಂದು ಕೇಳಿ. ಒಂದು ಸಾಲಿಗೆ ಹೊಂದುವ ಅರ್ಥ ಬೇರೆ, ಕವಿತೆಯ ಎಲ್ಲ ಸಾಲುಗಳಿಗೂ ಹೊಂದುವ ಅರ್ಥ ಬೇರೆ. ಒಪ್ಪುವುದಕ್ಕೂ ಬಿಡುವುದಕ್ಕೂ ನಾನು ಇಟ್ಟುಕೊಂಡಿದ್ದ ಅಳತೆಗೋಲು ಇಷ್ಟೇ. ಇದು ಮಕ್ಕಳಿಗೆ ನ್ಯಾಯವೆಂದು ಕಾಣುತ್ತದೆ, ಏಕೆಂದರೆ ತೀರ್ಪು ಕೊಡುವುದು ಮೇಷ್ಟ್ರಲ್ಲ, ಅವರ ಕೈಯಲ್ಲೇ ಇರುವ ಪದ್ಯ.

ವ್ಯಾಕರಣ ಪಾಠವೂ ಇಲ್ಲಿ ನೆರವಿಗೆ ಬರುತ್ತದೆ. ಹಕ್ಕಿ ಏನೇನು ಮಾಡುತ್ತದೆ ಎಂಬ ಕ್ರಿಯೆಗಳನ್ನಷ್ಟೇ ಗೆರೆ ಎಳೆದು ಗುರುತಿಸಲು ಹೇಳಿ: ಒಕ್ಕಿ, ಮುಕ್ಕಿ, ತೇಲಿಸಿ, ಮುಳುಗಿಸಿ, ಕುಕ್ಕಿ, ಒರಸಿ, ತೆರೆಸಿ, ಹರಸಿ. ಇವೆಲ್ಲ ಕೃದಂತಾವ್ಯಯಗಳು, ಯಾವುದೂ ವಾಕ್ಯವನ್ನು ಮುಗಿಸುವುದಿಲ್ಲ. ಆ ನುಡಿಗಳಲ್ಲಿ ಹಕ್ಕಿಯ ವಾಕ್ಯ ಪೂರ್ಣವಾಗುವುದು ‘ಹಾರುತಿದೆ’ ಎಂಬಲ್ಲಿ ಮಾತ್ರ. ಸಾಮ್ರಾಜ್ಯಗಳನ್ನು ಮುಕ್ಕಿದರೂ ಹಸುಮಕ್ಕಳನ್ನು ಹರಸಿದರೂ ಹಕ್ಕಿ ಎಲ್ಲಿಯೂ ಇಳಿದು ಕೂರುವುದಿಲ್ಲ, ಹಾರುತ್ತಲೇ ಇವನ್ನೆಲ್ಲ ಮಾಡಿ ಮುಂದೆ ಹೋಗುತ್ತದೆ. ಕಾಲ ನಿಲ್ಲುವುದಿಲ್ಲ ಎಂಬುದನ್ನು ಕವಿ ವಾಕ್ಯದ ಕಟ್ಟಿನಲ್ಲಿಯೇ ಇಟ್ಟಿದ್ದಾರೆ. ಹತ್ತನೆಯ ತರಗತಿಯ ಮಕ್ಕಳಿಗೆ ಇದು ಕಷ್ಟವಾಗುವುದಿಲ್ಲ, ಅವ್ಯಯದ ಪಾಠ ಯಾಕೆ ಓದಬೇಕು ಎಂಬುದಕ್ಕೂ ಒಂದು ಕಾರಣ ಸಿಕ್ಕಂತಾಗುತ್ತದೆ.

ಉತ್ತರ: ಸಂಶೋಧನಾ ವಿದ್ಯಾರ್ಥಿ, ಮಾನಸಗಂಗೋತ್ರಿ

ಮೇಷ್ಟ್ರ ಮಾತಿಗೆ ನನ್ನ ಒಪ್ಪಿಗೆಯಿದೆ, ಆದರೆ ಸ್ವಾತಂತ್ರ್ಯ ಎಂದ ಹುಡುಗನ ಪರವಾಗಿ ಒಂದು ಮಾತು ಹೇಳಬೇಕಾಗಿದೆ. ಈ ಕವಿತೆಯಿರುವ ‘ಗರಿ’ ಸಂಕಲನ ಪ್ರಕಟವಾದದ್ದು 1932ರಲ್ಲಿ. ಮೈಸೂರಿನಲ್ಲಿ ಒಡೆಯರ ಆಳ್ವಿಕೆಯಿದ್ದಾಗ ಬೇಂದ್ರೆಯವರ ಧಾರವಾಡ ಮುಂಬಯಿ ಪ್ರಾಂತ್ಯದೊಳಗೆ ನೇರವಾಗಿ ಬ್ರಿಟಿಷರ ಕೈಕೆಳಗಿತ್ತು. ಸೂರ್ಯ ಮುಳುಗದ ಸಾಮ್ರಾಜ್ಯವೆಂದು ಬೀಗುತ್ತಿದ್ದವರ ಆಳ್ವಿಕೆಯಲ್ಲಿ ಕುಳಿತು, ‘ರಾಜ್ಯದ ಸಾಮ್ರಾಜ್ಯದ ತೆನೆ ಒಕ್ಕಿ’ ಎಂದು ಬರೆದ ಸಾಲನ್ನು ಅಂದಿನ ಓದುಗರು ಯಾರನ್ನು ನೆನೆದು ಓದಿರಬಹುದು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಆದ್ದರಿಂದ ಹುಡುಗ ಹೇಳಿದ ಅರ್ಥ ಕವಿತೆಯ ಹೊರಗಿನಿಂದ ಬಂದದ್ದೇನಲ್ಲ. ಕಾಲ ಮಾಡುವ ಅನೇಕ ಕೆಲಸಗಳಲ್ಲಿ ಬಿಡುಗಡೆಯೂ ಒಂದು, ಹಕ್ಕಿಯ ಹೆಸರು ಮಾತ್ರ ಅದಲ್ಲ. ಹೀಗೆ ಹೇಳಿದರೆ ಅವನ ಉತ್ತರ ಸೋತು ಹಿಂದೆ ಸರಿಯಬೇಕಾಗಿಲ್ಲ, ದೊಡ್ಡ ಅರ್ಥದೊಳಗೆ ಅದಕ್ಕೂ ಒಂದು ಸ್ಥಾನ ಸಿಗುತ್ತದೆ.

‘ಪ್ರೀತಿಯ ಹಣತೆ’ಯ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಸಂಕೇತವನ್ನು ಹುಡುಕುವ ಕೆಲಸವೇ ಇಲ್ಲ, ಹಣತೆ ಯಾವುದೆಂದು ಕವಿಯೇ ಹೇಳಿಬಿಟ್ಟಿದ್ದಾರೆ. ಪ್ರೀತಿಯನ್ನೇ ಹಣತೆಯೆಂದು ಅಭೇದವಾಗಿ ಹೇಳಿದ್ದರಿಂದ ಅದು ರೂಪಕ. ಮುಂದಿನ ಸಾಲಿನ ‘ಬಿರುಗಾಳಿಗೆ ಹೊಯ್ದಾಡುವ ಹಡಗು’ ಮಾತ್ರ ಹಾಗಲ್ಲ. ಯಾವ ಹಡಗು, ಯಾವ ಬಿರುಗಾಳಿ ಎಂದು ಕವಿತೆ ಹೇಳುವುದಿಲ್ಲ. ದೇಶವೆನ್ನಬಹುದು, ಸಮಾಜವೆನ್ನಬಹುದು, ಒಬ್ಬೊಬ್ಬರ ಬದುಕು ಎನ್ನಬಹುದು, ಮುಂದಿನ ಸಾಲುಗಳಲ್ಲಿ ‘ಮನುಜರ ನಡುವಣ ಅಡ್ಡಗೋಡೆ’ಯ ಮಾತು ಬರುವುದರಿಂದ ಸಮಾಜವೆಂಬ ಅರ್ಥಕ್ಕೆ ಬಲ ಹೆಚ್ಚು. ಒಂದರ ಪಕ್ಕದಲ್ಲಿ ಒಂದಿರುವ ಈ ಎರಡು ಸಾಲುಗಳನ್ನು ಇಟ್ಟುಕೊಂಡರೆ, ಕವಿ ಅರ್ಥವನ್ನು ಕೈಗೆ ಕೊಟ್ಟಿರುವ ಕಡೆ ಯಾವುದು, ನಮಗೆ ಬಿಟ್ಟಿರುವ ಕಡೆ ಯಾವುದು ಎಂಬ ವ್ಯತ್ಯಾಸವನ್ನು ತೋರಿಸಲು ಬೇರೆ ಉದಾಹರಣೆ ಬೇಕಾಗುವುದಿಲ್ಲ.

ಮೇಷ್ಟ್ರು ಹೇಳಿದ ಕ್ರಿಯಾಪದದ ಉಪಾಯ ಈ ಪದ್ಯಕ್ಕೂ ಒದಗುತ್ತದೆ. ಎಲ್ಲ ಸಾಲುಗಳೂ ‘ಓಣ’ ಎಂದು ಮುಗಿಯುವುದರಿಂದ ಮೇಲುನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಗಮನಿಸಿದರೆ ಮೊದಲು ಹಣತೆ ಹಚ್ಚೋಣ, ಹಡಗು ಮುನ್ನಡೆಸೋಣ ಎನ್ನುವಾಗ ನಾವು ಒಂದು ವಸ್ತುವನ್ನು ಹಿಡಿದು ಕೆಲಸ ಮಾಡುವವರು. ‘ಮುಂಗಾರಿನ ಮಳೆಯಾಗೋಣ’, ‘ಸೇತುವೆಯಾಗೋಣ’ ಎನ್ನುವಾಗ ನಾವೇ ಆ ವಸ್ತುಗಳಾಗುತ್ತೇವೆ. ಸಂಕಲ್ಪ ಎಲ್ಲಿ ಗಟ್ಟಿಯಾಗುತ್ತದೆ ಎಂದು ಕೇಳಿದರೆ ಮಕ್ಕಳು ಈ ತಿರುವನ್ನು ಕಂಡುಹಿಡಿಯಬಲ್ಲರು. ‘ಕಲುಷಿತವಾದೀ ನದೀಜಲ’ ಎಂಬುದನ್ನಂತೂ ಕೇವಲ ಸಂಕೇತವೆಂದು ಬರೆಸಬೇಡಿ. ಕಾವೇರಿಯ ದಡದ ಜಿಲ್ಲೆಯ ಮಕ್ಕಳಿಗೆ ಅದು ಮೊದಲು ಕಣ್ಣೆದುರಿನ ನೀರು, ಆಮೇಲೆ ಮನಸ್ಸಿನ ಕೊಳೆ. ಎರಡೂ ಅರ್ಥ ಒಟ್ಟಿಗೆ ನಿಲ್ಲಬಹುದು.

ನಮ್ಮ ಕಾವ್ಯಮೀಮಾಂಸೆ ಈ ವಿಷಯವನ್ನು ಬಹಳ ಹಿಂದೆಯೇ ಚರ್ಚಿಸಿದೆ. ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ, ಪದಗಳು ನೇರವಾಗಿ ಹೇಳುವ ಅರ್ಥವನ್ನು ಮೀರಿ ಹೊಳೆಯುವ ಧ್ವನಿಯೇ ಕಾವ್ಯದ ಆತ್ಮವೆಂದು ವಾದಿಸಿದ. ವಾಚ್ಯಾರ್ಥ, ಲಕ್ಷ್ಯಾರ್ಥ, ವ್ಯಂಗ್ಯಾರ್ಥ ಎಂಬ ಮೂರನ್ನು ವಿವರಿಸಲು ಶಾಸ್ತ್ರಕಾರರು ಕೊಡುವ ಹಳೆಯ ಉದಾಹರಣೆ ‘ಗಂಗೆಯ ಮೇಲೆ ಗೊಲ್ಲರ ಹಟ್ಟಿ’. ಪದಗಳ ನೇರ ಅರ್ಥವಾದ ವಾಚ್ಯಾರ್ಥದಂತೆ ನೀರಿನ ಮೇಲೆ ಹಟ್ಟಿ ಇರಲಾರದು, ಆದ್ದರಿಂದ ದಡದ ಮೇಲೆ ಎಂಬುದು ಲಕ್ಷ್ಯಾರ್ಥ. ದಡ ಎನ್ನದೆ ಗಂಗೆಯೆಂದೇ ಹೇಳಿದ್ದರಿಂದ ಆ ಜಾಗದ ತಂಪು, ಪಾವಿತ್ರ್ಯ ಹೊಳೆಯುವುದು ವ್ಯಂಗ್ಯಾರ್ಥ. ಇದನ್ನು ನಮ್ಮ ಕಡೆಗೆ ಒಗ್ಗಿಸಿ ‘ಕಾವೇರಿಯ ಮೇಲಿನ ಊರು’ ಎಂದು ಹೇಳಿಕೊಡುವವರು ಶ್ರೀರಂಗಪಟ್ಟಣದ ಮಕ್ಕಳ ಎದುರು ಎಚ್ಚರವಾಗಿರಬೇಕು, ಅವರ ಊರು ನಿಜವಾಗಿಯೂ ಹೊಳೆಯ ನಡುವೆಯೇ ಇದೆ! ಈ ಪಾರಿಭಾಷಿಕ ಪದಗಳು ಶಿಕ್ಷಕರ ತಿಳಿವಳಿಕೆಗಷ್ಟೇ ಇರಲಿ ಎಂಬುದು ನನ್ನ ಅಭಿಪ್ರಾಯ. ತರಗತಿಯಲ್ಲಿ ಹೇಳಿದರೆ ಅವೂ ಬಾಯಿಪಾಠದ ಪಟ್ಟಿಗೆ ಸೇರಿಬಿಡುತ್ತವೆ.

ಉತ್ತರ: ಪೋಷಕ, ಪಾಂಡವಪುರ

ನಾನು ಶಿಕ್ಷಕನಲ್ಲ, ವ್ಯವಸಾಯ ಮಾಡುವವನು. ಮಗ ಹತ್ತನೆಯ ತರಗತಿಯಲ್ಲಿದ್ದಾನೆ. ‘ತೆನೆ ಒಕ್ಕಿ’ ಎಂಬುದರ ಬಗ್ಗೆ ಒಂದು ಮಾತು ಹೇಳಬೇಕೆನ್ನಿಸಿತು. ಅವನ ಬಳಿ ಇರುವ ಗೈಡ್‌ನಲ್ಲಿ ಆ ಸಾಲಿಗೆ ‘ಸಾಮ್ರಾಜ್ಯಗಳನ್ನು ನಾಶ ಮಾಡಿ’ ಎಂದು ಅರ್ಥ ಕೊಟ್ಟಿದ್ದಾರೆ. ಒಕ್ಕುವುದೆಂದರೆ ನಾಶ ಮಾಡುವುದು ಹೇಗಾಗುತ್ತದೆ? ಕಣದಲ್ಲಿ ಒಕ್ಕಣೆ ಮಾಡಿದಾಗ ತೆನೆ ಇರುವುದಿಲ್ಲ ನಿಜ, ಆದರೆ ಕಾಳು ಬೇರೆಯಾಗಿ ಕೈಗೆ ಬರುತ್ತದೆ, ಹುಲ್ಲು ದನಗಳಿಗೆ ಉಳಿಯುತ್ತದೆ. ಬೆಳೆ ಬಲಿತ ಮೇಲೆಯೇ ಒಕ್ಕುವುದು, ಹಸಿ ಪೈರನ್ನು ಯಾರೂ ಒಕ್ಕುವುದಿಲ್ಲ. ಹಾಗೆ ನೋಡಿದರೆ ಸಾಮ್ರಾಜ್ಯವೂ ಬಲಿತು ಅದರ ಸಮಯ ಮುಗಿದ ಮೇಲೆ ಈ ಹಕ್ಕಿ ಅದನ್ನು ಒಕ್ಕುತ್ತದೆ, ಸತ್ವವಿದ್ದದ್ದು ಉಳಿಯುತ್ತದೆ ಎಂದು ನನಗೆ ತೋರುತ್ತದೆ.

ಈಗ ಭತ್ತಕ್ಕೆ ಯಂತ್ರ ಬಂದು ಗದ್ದೆಯಲ್ಲೇ ಕೊಯ್ಲು, ಒಕ್ಕಣೆ ಎರಡೂ ಮುಗಿದುಹೋಗುವುದರಿಂದ ನಮ್ಮ ಮಕ್ಕಳು ಕಣವನ್ನೇ ನೋಡಿಲ್ಲ. ರಾಗಿಯನ್ನು ಟಾರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರಕ್ಕೆ ಸಿಗುವಂತೆ ಮಾಡುವುದನ್ನು ನೋಡಿರುತ್ತಾರೆ ಅಷ್ಟೆ. ನನ್ನ ತಾಯಿಯವರು ಮೊಮ್ಮಗನನ್ನು ಕೂರಿಸಿಕೊಂಡು ಕಣ ಸಾರಿಸುವುದು, ರೋಣಗಲ್ಲು ಹೊಡೆಯುವುದು, ತೂರುವುದು ಎಲ್ಲವನ್ನೂ ಹೇಳಿದ ಮೇಲೆ ಅವನಿಗೆ ಆ ಸಾಲು ಹಿಡಿಸಿತು. ಇಂಥ ಪದಗಳನ್ನು ಮನೆಯ ಹಿರಿಯರ ಬಳಿ ಕೇಳಿಕೊಂಡು ಬರುವಂತೆ ಹೇಳಿದರೆ ಒಳ್ಳೆಯದಲ್ಲವೇ ಮೇಡಂ?

ಮರುಪ್ರಶ್ನೆ: ಕನ್ನಡ ಶಿಕ್ಷಕಿ, ಮದ್ದೂರು

ಎಲ್ಲರಿಗೂ ಧನ್ಯವಾದಗಳು. ಪಾಂಡವಪುರದವರು ಹೇಳಿದ ಅರ್ಥ ನನಗೂ ಹೊಸದು, ‘ಒಕ್ಕಿ’ಯ ಹಿಂದೆಯೇ ‘ಮುಕ್ಕಿ’ ಬರುವುದರಿಂದ ಕಾಳು ಉಳಿಯಿತೋ ಹಕ್ಕಿಯ ಹೊಟ್ಟೆ ಸೇರಿತೋ ಎಂದು ಮಕ್ಕಳನ್ನೇ ಕೇಳಬೇಕೆಂದಿದ್ದೇನೆ.

ಎರಡು ಅನುಮಾನಗಳು ಉಳಿದಿವೆ. ಪರೀಕ್ಷೆಯಲ್ಲಿ ಮಕ್ಕಳು ಹೀಗೆ ಸ್ವಂತವಾಗಿ ಬರೆದರೆ ಅಂಕ ಹೋಗುವುದಿಲ್ಲವೇ? ಪೋಷಕರ ಸಭೆಯಲ್ಲಿ ನನಗೆ ಎದುರಾಗುವ ಪ್ರಶ್ನೆ ಇದೇ. ಇನ್ನೊಂದು, ಕುವೆಂಪು ಅವರ ‘ಹಸುರು’ ಪದ್ಯದಲ್ಲಿ ಹಸುರು ಯಾವುದರ ಸಂಕೇತ? ಸಮೃದ್ಧಿ ಎಂದು ಬರೆಸಿದರೆ ಏನೋ ಕಡಿಮೆಯಾದಂತೆ ಕಾಣುತ್ತದೆ.

ಉತ್ತರ: ಪ್ರೌಢಶಾಲಾ ಸಹಶಿಕ್ಷಕ, ನಂಜನಗೂಡು

ಅಂಕಗಳ ವಿಷಯವನ್ನು ನಾನು ಹೇಳುತ್ತೇನೆ, ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗುತ್ತಿರುವವನು. ಎಸ್‌ಎಸ್‌ಎಲ್‌ಸಿ ಪ್ರಥಮ ಭಾಷೆಯ 125 ಅಂಕಗಳಲ್ಲಿ 100 ಅಂಕ ಲಿಖಿತ ಪರೀಕ್ಷೆಗೆ, 25 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಸ್ವಂತ ಓದಿಗೆ ಲಿಖಿತ ಪರೀಕ್ಷೆಯಲ್ಲಿ ಹೆಚ್ಚು ಜಾಗವಿರುವುದು ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸುವ 3 ಅಂಕಗಳ ಪ್ರಶ್ನೆಯಲ್ಲಿ. ಆಯ್ಕೆ (ಸಾಲು ಯಾವ ಪಾಠದ್ದು ಎಂಬುದು), ಸಂದರ್ಭ ಎರಡನ್ನೂ ಮಕ್ಕಳು ಕಂಠಪಾಠದಿಂದ ಬರೆದುಬಿಡುತ್ತಾರೆ. ಸ್ವಾರಸ್ಯ ಎಂಬಲ್ಲಿಗೆ ಬಂದಾಗ ಕೊಟ್ಟ ಸಾಲನ್ನೇ ತಿರುಗಿಸಿ ಬರೆದು, ‘ಕವಿ ಇಲ್ಲಿ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾರೆ’ ಎಂದು ಮುಗಿಸುತ್ತಾರೆ. ಅಂಕ ಹೋಗುವುದು ಅಲ್ಲಿ, ಸ್ವಂತವಾಗಿ ಯೋಚಿಸಿದ್ದಕ್ಕಲ್ಲ.

‘ಸಾರ್ವಭೌಮರಾ ನೆತ್ತಿಯ ಕುಕ್ಕಿ’ ಎಂಬ ಸಾಲಿಗೆ ಮಗು ಹೀಗೆ ಬರೆಯಬಹುದು: ‘ಇಲ್ಲಿ ಹಕ್ಕಿ ಕಾಲದ ಸಂಕೇತವಾಗಿದೆ. ಸಾರ್ವಭೌಮರ ನೆತ್ತಿಯೆಂದರೆ ಕಿರೀಟವಿರುವ ಜಾಗ. ಯಾರೂ ಮುಟ್ಟಲಾರದ ಆ ಜಾಗವನ್ನು ಹಕ್ಕಿಯೊಂದು ಹಾರುತ್ತಲೇ ಕುಕ್ಕಿ ಹೋಗುತ್ತದೆ ಎನ್ನುವುದರಿಂದ, ಕಾಲದ ಮುಂದೆ ಎಷ್ಟು ದೊಡ್ಡ ಅಧಿಕಾರವೂ ನಿಲ್ಲುವುದಿಲ್ಲ ಎಂಬುದು ತಿಳಿಯುತ್ತದೆ.’ ಇದರಲ್ಲಿ ನಾವು ನಿರೀಕ್ಷಿಸುವ ಅಂಶವೂ ಇದೆ, ಮಗು ತಾನೇ ನೋಡಿದ ಕಿರೀಟದ ಸೂಕ್ಷ್ಮವೂ ಇದೆ. ಮೌಲ್ಯಮಾಪಕನಿಗೆ ಇಂಥ ಉತ್ತರದ ಅಂಕ ಕಡಿಮೆ ಮಾಡಲು ಕಾರಣವೇ ಇರುವುದಿಲ್ಲ. ಆದರೆ ಹಕ್ಕಿಯೆಂದರೆ ಸ್ವಾತಂತ್ರ್ಯ ಎಂದಷ್ಟೇ ಬರೆದು ನಿಲ್ಲಿಸಿದರೆ ತೊಂದರೆಯಾಗಬಹುದು. ಸಂಶೋಧನಾ ವಿದ್ಯಾರ್ಥಿ ಹೇಳಿದಂತೆ ಮೊದಲು ಕಾಲ ಎಂಬುದನ್ನು ಬರೆದು, ಆಮೇಲೆ ಒಂದು ವಾಕ್ಯದಲ್ಲಿ ತನ್ನ ಮಾತನ್ನು ಸಾಲಿನ ಆಧಾರದೊಡನೆ ಸೇರಿಸುವುದು ಜಾಣತನ. ಪರೀಕ್ಷೆಗೆ ಇಷ್ಟು ರಾಜಿ ಬೇಕಾಗುತ್ತದೆ, ಇಲ್ಲವೆಂದು ಹೇಳಿದರೆ ಸುಳ್ಳಾದೀತು.

ನೋಟ್ಸ್ ಬರೆಸುವಾಗ ಒಂದು ಚಿಕ್ಕ ಬದಲಾವಣೆ ಮಾಡಿಕೊಂಡಿದ್ದೇನೆ. ‘ಇದರ ಸಂಕೇತ ಏನು?’ ಎಂಬ ಪ್ರಶ್ನೆಯನ್ನು ಬರೆಸುವುದೇ ಇಲ್ಲ. ‘ಯಾವ ಸಾಲಿನಿಂದ ಹಾಗೆ ತಿಳಿಯಿತು?’ ಎಂಬುದನ್ನು ಬರೆಸುತ್ತೇನೆ. ಗೈಡ್‌ನಲ್ಲಿ ಇದಕ್ಕೆ ಸಿದ್ಧ ಉತ್ತರ ಸಿಗುವುದಿಲ್ಲವಾದ್ದರಿಂದ ಮಕ್ಕಳು ಪದ್ಯವನ್ನೇ ಮತ್ತೆ ಓದಬೇಕಾಗುತ್ತದೆ.

ಉತ್ತರ: ನಿವೃತ್ತ ಕನ್ನಡ ಮೇಷ್ಟ್ರು, ಸರಸ್ವತಿಪುರಂ, ಮೈಸೂರು

‘ಹಸುರು’ ಪದ್ಯದ ವಿಷಯದಲ್ಲಿ ನಿಮಗೆ ಕಂಡ ಕೊರತೆ ಸರಿಯಾಗಿಯೇ ಇದೆ. ಸಮೃದ್ಧಿ ಎಂಬ ಅರ್ಥವನ್ನು ಹಿಡಿದು ಆ ಪದ್ಯವನ್ನು ಓದುತ್ತಾ ಹೋಗಿ, ಗದ್ದೆಯ ಸಾಲು, ಅಡಕೆಯ ತೋಟದವರೆಗೆ ಅದು ಜೊತೆಯಲ್ಲಿ ಬರುತ್ತದೆ. ‘ಹಕ್ಕಿಯ ಕೊರಲಿಂಪು ಹಸುರು’ ಎಂಬಲ್ಲಿ ಕೈಬಿಡುತ್ತದೆ. ಹಕ್ಕಿಯ ದನಿ ಹಸುರಾಗುವುದು, ಹೂವಿನ ಕಂಪು ಹಸುರಾಗುವುದು, ಗಾಳಿಯ ತಂಪು ಹಸುರಾಗುವುದು ಯಾವ ಸಮೃದ್ಧಿಯಿಂದ? ಕಣ್ಣಿಗೆ ಸೇರಿದ ಬಣ್ಣ ಕಿವಿಗೆ, ಮೂಗಿಗೆ, ಮೈಗೆ ಹರಡಿ, ಕೊನೆಗೆ ‘ಹಸುರ್ನೆತ್ತರ್ ಒಡಲಿನಲಿ’ ಎಂದು ನೋಡುವವನ ರಕ್ತವನ್ನೇ ಸೇರುತ್ತದೆ. ಇಲ್ಲಿ ಹಸುರು ಬೇರೆ ಯಾವುದನ್ನೋ ಸೂಚಿಸಲು ನಿಂತ ಗುರುತು ಅಲ್ಲ, ಹಸುರು ಹಸುರೇ. ಅದು ಎಷ್ಟು ಆಳಕ್ಕೆ ಇಳಿಯಿತು ಎಂಬುದೇ ಕವಿತೆಯ ವಿಷಯ. ಎಲ್ಲ ಕವಿತೆಗಳಲ್ಲೂ ಸಂಕೇತ ಇರಲೇಬೇಕೆಂಬ ಹಟವನ್ನು ಬಿಡುವುದಕ್ಕೆ ಈ ಪದ್ಯವನ್ನೇ ಬಳಸಿಕೊಳ್ಳಬಹುದು. ಪದ್ಯದಲ್ಲಿ ನವರಾತ್ರಿಯ, ಆಶ್ವೀಜದ ಭತ್ತದ ಗದ್ದೆಯ ಮಾತು ಬರುತ್ತದೆ. ಕುವೆಂಪು ಅವರದು ಮಲೆನಾಡಿನ ಹಸುರು, ಆದರೂ ದಸರಾ ರಜೆಯ ಹೊತ್ತಿಗೆ ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ನಿಮ್ಮ ಗದ್ದೆಗಳೂ ಹಸುರಾಗಿಯೇ ಇರುತ್ತವೆ. ಅಲ್ಲಿ ಯಾವ ಯಾವ ಬಗೆಯ ಹಸುರು ಕಂಡಿರಿ ಎಂದು ರಜೆಯ ಮನೆಗೆಲಸಕ್ಕೆ ಕೊಡಿ.

ಎಂಟನೆಯ ತರಗತಿಗೆ ಇವೆಲ್ಲ ಭಾರವಾದೀತು. ಅವರಿಗೆ ಅಕ್ಕಮಹಾದೇವಿಯ ವಚನವೊಂದು ಸಾಕು. ‘ಬೆಟ್ಟದ ಮೇಲೊಂದು ಮನೆಯ ಮಾಡಿ ಮೃಗಗಳಿಗಂಜಿದೊಡೆಂತಯ್ಯಾ? ಸಮುದ್ರದ ತಡಿಯಲೊಂದು ಮನೆಯ ಮಾಡಿ ನೊರೆತೆರೆಗಳಿಗಂಜಿದೊಡೆಂತಯ್ಯಾ? ಸಂತೆಯೊಳಗೊಂದು ಮನೆಯ ಮಾಡಿ ಶಬ್ದಕ್ಕೆ ನಾಚಿದೊಡೆಂತಯ್ಯಾ?’ ಇಷ್ಟನ್ನು ಮಾತ್ರ ಹಲಗೆಯ ಮೇಲೆ ಬರೆದು, ಕೊನೆಯ ಭಾಗವನ್ನು ಬರೆಯದೆ ಬಿಡಿ. ಮನೆ ಯಾವುದು, ಮೃಗ ಯಾವುದು ಎಂದು ಮಕ್ಕಳು ಊಹಿಸಲಿ. ಬೆಟ್ಟಕ್ಕೂ ಸಮುದ್ರಕ್ಕೂ ‘ಅಂಜಿದೊಡೆ’ ಎಂದ ಅಕ್ಕ ಸಂತೆಗೆ ಬಂದಾಗ ‘ನಾಚಿದೊಡೆ’ ಎಂದು ಕ್ರಿಯಾಪದವನ್ನೇ ಬದಲಿಸಿದ್ದಾಳೆ, ಅದನ್ನು ಯಾರಾದರೂ ಗುರುತಿಸುತ್ತಾರೆಯೇ ಎಂದು ಕಾಯಿರಿ. ಮೃಗ, ತೆರೆಗಳಿಂದ ಅಪಾಯವಿರುವುದು ಮೈಗೆ, ಸಂತೆಯ ಶಬ್ದ ತಾಗುವುದು ಮಾನಕ್ಕೆ. ಜನರ ಮಾತಿಗೆ ನಾವು ಹೆದರುವುದಕ್ಕಿಂತ ನಾಚುವುದೇ ಹೆಚ್ಚು. ಆ ಮೇಲೆ ಉಳಿದ ಭಾಗವನ್ನು ಬರೆಯಿರಿ: ಲೋಕದಲ್ಲಿ ಹುಟ್ಟಿದ ಬಳಿಕ ಸ್ತುತಿನಿಂದೆಗಳು ಬಂದರೆ ಮನದಲ್ಲಿ ಕೋಪವ ತಾಳದೆ ಸಮಾಧಾನಿಯಾಗಿರಬೇಕು ಎಂಬ ಮಾತು ಅಲ್ಲಿದೆ. ಊಹೆ ಹೊಂದಿದವರು ಯಾವ ಪದದಿಂದ ಊಹಿಸಿದೆವೆಂದು ಹೇಳಲಿ, ಹೊಂದದವರು ಯಾವ ಪದವನ್ನು ಬಿಟ್ಟೆವೆಂದು ಹುಡುಕಲಿ.

ಈ ವಚನದಲ್ಲಿ ಬೀಗದ ಕೈ ಕೊನೆಯಲ್ಲೇ ಇದೆ, ಬೇಂದ್ರೆಯವರ ಕವಿತೆಯಲ್ಲಿ ಅದನ್ನು ಎಲ್ಲಿಯೂ ಇಟ್ಟಿಲ್ಲ. ಆದ್ದರಿಂದ ಎಂಟನೆಯ ತರಗತಿಯಲ್ಲಿ ಇಂಥ ವಚನ, ತ್ರಿಪದಿಗಳನ್ನು ಅರ್ಧ ಮುಚ್ಚಿಟ್ಟು ಓದಿಸುವುದನ್ನು ರೂಢಿ ಮಾಡಿಸಿ, ಹತ್ತನೆಯ ತರಗತಿಗೆ ಬಂದಾಗ ಅದೇ ಮಕ್ಕಳಿಗೆ ಹಕ್ಕಿಯ ಪದ್ಯದ ಮೊದಲ ಮೂರು ನುಡಿಗಳನ್ನು ಮಾತ್ರ ಕೊಟ್ಟು ನೋಡಿ. ‘ಕಾಲ’ ಎಂಬ ಮಾತನ್ನು ಹಲಗೆಯ ಮೇಲೆ ಬರೆಯುವ ಕೆಲಸವನ್ನು ಅವರಲ್ಲೇ ಒಬ್ಬರಿಗೆ ಬಿಡಬಹುದು.